ಬ್ರೇಕ್ ಎಣಿಸಿ ನೋಡಿ: ಹೈವೇ, ಘಟ್ಟ, ಎವರೇಜ್ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಕಾರವಾರ-ಭಟ್ಕಳ ಹೈವೇಯಲ್ಲಿ ಗಾಡಿ ಎವರೇಜ್ ಕೊಡುತ್ತಿಲ್ಲ ಅಂತ ಹೋದ ವಾರ ಗುಂಪಿನಲ್ಲಿ ಒಬ್ಬರು ಬರೆದರು. ಅದರ ಕೆಳಗೆ ಬಂದ ಸಲಹೆಗಳನ್ನು ಓದಿ ನನಗೆ ಹೆದರಿಕೆಯೇ ಆಯಿತು. ನ್ಯೂಟ್ರಲ್ ಹಾಕಿ, ಲಾರಿ ಹಿಂದೆ ಹೋಗಿ, ಟಯರಿಗೆ ಜಾಸ್ತಿ ಗಾಳಿ ಹೊಡೆಸಿ... ಅದಕ್ಕೇ ಪ್ರಶ್ನೆ ಕೇಳಿ ಅಂದೆ. ನನ್ನ ಬಗ್ಗೆ ಇಷ್ಟೇ: 11 ವರ್ಷ ಮೀನಿನ ಲಾರಿ ಓಡಿಸಿದ್ದೇನೆ, ಈಗ ಕುಮಟಾದಲ್ಲಿ ಡ್ರೈವಿಂಗ್ ಕಲಿಸುತ್ತೇನೆ. ಇಂಜಿನಿಯರ್ ಅಲ್ಲ.

ಪ್ರಶ್ನೆ (ಅಂಕೋಲಾದ ಮಾಸ್ತರು): ದಿನಾ ಅಂಕೋಲಾದಿಂದ ಕಾರವಾರಕ್ಕೆ ಹೋಗಿ ಬರುತ್ತೇನೆ. ಸಣ್ಣ ಪೆಟ್ರೋಲ್ ಕಾರು. ರಸ್ತೆ ಸಣ್ಣದಿದ್ದಾಗ ಲೀಟರಿಗೆ 18 ಕಿ.ಮೀ. ಕೊಡುತ್ತಿತ್ತು, ಈಗ ನಾಲ್ಕು ಲೇನ್ ಆದ ಮೇಲೆ 15ಕ್ಕೆ ಇಳಿದಿದೆ. ರಸ್ತೆ ಚೆನ್ನಾಗಾದರೆ ಎವರೇಜ್ ಹೆಚ್ಚಬೇಕಲ್ವಾ? ಗ್ಯಾರೇಜಿನಲ್ಲಿ ತೋರಿಸಿದೆ, ಏನೂ ಇಲ್ಲ ಅಂದರು.

ಉತ್ತರ: ಮಾಸ್ತರೇ, ಗಾಡಿ ಸರಿ ಇದೆ. ಹಳೇ ರಸ್ತೆಯಲ್ಲಿ ನೀವು 60ರ ಮೇಲೆ ಹೋಗಲು ಜಾಗವೇ ಇರಲಿಲ್ಲ. ಈಗ 100ಕ್ಕೆ ಮುಟ್ಟಿಸುತ್ತೀರಿ, ಅಲ್ವಾ?

ಗಾಳಿಯ ಲೆಕ್ಕ ಬೇರೆ ಥರ. ಸ್ಪೀಡ್ ಹೆಚ್ಚಿದಷ್ಟೇ ಗಾಳಿಯ ತಡೆ ಹೆಚ್ಚುವುದಿಲ್ಲ, ಸ್ಪೀಡಿನ ವರ್ಗದಷ್ಟು ಹೆಚ್ಚುತ್ತದೆ. ನಿಮಗೆ ಗಣಿತ ಹೇಳಿಕೊಡುವುದು ಬೇಡ. 80ರಿಂದ 100ಕ್ಕೆ ಹೋದರೆ ಸ್ಪೀಡ್ ಕಾಲು ಭಾಗ ಜಾಸ್ತಿ, ಗಾಳಿಯ ತಡೆ ಮಾತ್ರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಅದನ್ನು ತಳ್ಳಿಕೊಂಡು ಹೋಗುವುದು ನಿಮ್ಮ ಪೆಟ್ರೋಲೇ.

ಉಳಿಯುವ ಸಮಯ ಎಷ್ಟು ಅಂತ ನೋಡಿ. ಅಂಕೋಲಾ-ಕಾರವಾರ ಹತ್ತಿರ 33 ಕಿ.ಮೀ. ಪೂರ್ತಿ 80ರಲ್ಲಿ ಹೋದರೆ 25 ನಿಮಿಷ, 100ರಲ್ಲಿ ಹೋದರೆ 20 ನಿಮಿಷ. ಆ 5 ನಿಮಿಷ ಕಾರವಾರ ಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವಾಗಲೇ ಹೋಗುತ್ತದೆ.

ಆದರೆ ಸ್ಪೀಡಿಗಿಂತ ದೊಡ್ಡ ಕಳ್ಳ ಒಬ್ಬ ಇದ್ದಾನೆ, ಬ್ರೇಕು. ಹೋದ ತಿಂಗಳು ಒಬ್ಬ ಹುಡುಗನಿಗೆ ಕಲಿಸುತ್ತಿದ್ದೆ. ಲೈಸೆನ್ಸ್ ಇದೆ, ಧೈರ್ಯ ಬೇಕಾದಷ್ಟಿದೆ. ಕುಮಟಾದಿಂದ ಅಂಕೋಲಾಕ್ಕೆ ಹೋಗುವಾಗ ನಾನು ಏನೂ ಮಾತಾಡದೆ ಅವನು ಬ್ರೇಕ್ ತುಳಿದದ್ದನ್ನು ಎಣಿಸಿದೆ. 41 ಸಲ. ಮಿರ್ಜಾನ್ ಹತ್ತಿರ ಡಿವೈಡರ್ ಸಂದಿಯಲ್ಲಿ ಒಬ್ಬರು ಸ್ಕೂಟರ್ ತಿರುಗಿಸುತ್ತಾ ನಿಂತಿದ್ದರು. 300 ಮೀಟರ್ ದೂರದಿಂದಲೇ ಕಾಣುತ್ತಿತ್ತು. ಇವನು ಕೊನೆಯವರೆಗೂ ಆಕ್ಸಿಲರೇಟರ್ ಒತ್ತಿ ಹಿಡಿದು, ಹತ್ತಿರ ಬಂದ ಮೇಲೆ ಗಕ್ಕನೆ ಬ್ರೇಕ್ ಹಾಕಿದ. ಮಾದನಗೇರಿಯಲ್ಲಿ ಗೋಕರ್ಣದ ಕಡೆಗೆ ಹೊರಳುವ ಟೂರಿಸ್ಟ್ ಗಾಡಿ ಇಂಡಿಕೇಟರ್ ಹಾಕಿ ಎಷ್ಟೋ ಹೊತ್ತಾಗಿತ್ತು, ಅಲ್ಲಿಯೂ ಅದೇ ಕಥೆ.

ವಾಪಸ್ ಬರುವಾಗ ಒಂದೇ ಮಾತು ಹೇಳಿದೆ. "ಮುಂದೆ ಏನಾದರೂ ಕಂಡರೆ ಮೊದಲು ಕಾಲು ಎತ್ತು. ಬ್ರೇಕ್ ಆಮೇಲೆ." ಹಿರೇಗುತ್ತಿ ದಾಟುವಷ್ಟರಲ್ಲಿ ಅವನಿಗೆ ರೂಢಿ ಬಂತು. ಎಣಿಕೆ 13ಕ್ಕೆ ನಿಂತಿತು. ಮನೆ ಮುಟ್ಟಿದ ಸಮಯದಲ್ಲಿ 3 ನಿಮಿಷವೂ ವ್ಯತ್ಯಾಸ ಇಲ್ಲ.

ಪೆಟ್ರೋಲ್ ಸುಟ್ಟು ಗಾಡಿಗೆ ಓಟ ಕೊಟ್ಟಿರುತ್ತೀರಿ. ಬ್ರೇಕ್ ತುಳಿದಾಗ ಆ ಓಟ ಪೂರ್ತಿ ಬಿಸಿಯಾಗಿ ಚಕ್ರದಲ್ಲಿ ಹೋಗಿಬಿಡುತ್ತದೆ. ಮತ್ತೆ ಓಟ ಬೇಕಾದರೆ ಮತ್ತೆ ಪೆಟ್ರೋಲ್. ನಾಳೆ ಹೋಗುವಾಗ ನೀವೂ ಎಣಿಸಿ, ಇಲ್ಲೇ ಬರೆಯಿರಿ.

ಮಾಸ್ತರು ಮತ್ತೆ: ಎಣಿಸುತ್ತೇನೆ. ಆದರೆ 45ರಿಂದ 55ರಲ್ಲಿ ಹೋದರೆ ಅತಿ ಉಳಿತಾಯ ಅಂತ, ಇಂಧನ ಉಳಿಸುವುದನ್ನು ಹೇಳಿಕೊಡುವ ಸರ್ಕಾರಿ ಸಂಸ್ಥೆ ಪಿಸಿಆರ್‌ಎ ಹೇಳುತ್ತದಲ್ಲ?

ಉತ್ತರ: ಹೇಳುತ್ತದೆ, ಪೆಟ್ರೋಲಿನ ಲೆಕ್ಕದಲ್ಲಿ ಅದು ಸರಿಯೇ. ಆದರೆ ನಾಲ್ಕು ಲೇನಿನಲ್ಲಿ, ಅದೂ ಡಿವೈಡರ್ ಪಕ್ಕದ ಲೇನ್ ಹಿಡಿದು 45ರಲ್ಲಿ ಹೋದರೆ ಹಿಂದಿನವರು ನಿಮ್ಮ ಎಡಗಡೆಯಿಂದ ನುಗ್ಗುತ್ತಾರೆ. ಅಪಘಾತಕ್ಕೆ ಅದೊಂದೇ ಸಾಕು. ಎಡ ಲೇನಿನಲ್ಲಿರಿ, 70-80, ಟಾಪ್ ಗೇರ್. ಬೋರ್ಡಿನಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅಷ್ಟೇ. ಊರು ಬಂದಲ್ಲಿ ಇನ್ನೂ ಕಡಿಮೆ. ಮಳೆಗಾಲದ ರಾತ್ರಿ ದನಗಳು ಹೈವೇ ಮೇಲೆಯೇ ಮಲಗಿರುತ್ತವೆ, ಕಪ್ಪು ಎಮ್ಮೆ ಕಪ್ಪು ಟಾರಿನ ಮೇಲೆ ಲೈಟ್ ಬಿದ್ದರೂ ಕಾಣುವುದಿಲ್ಲ. ಆಗ 50 ಅಂದರೂ ಜಾಸ್ತಿಯೇ.

ಪ್ರಶ್ನೆ (ಶಿರಸಿ ಕಡೆಯ ತೋಟದವರು): ವಾರಕ್ಕೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುತ್ತೇನೆ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ಅಪ್ಪ ಹೇಳಿಕೊಟ್ಟದ್ದು. ಈಗಲೂ ಹಾಗೇ ಮಾಡುತ್ತೇನೆ. ತಪ್ಪಾ?

ಉತ್ತರ: ಅಣ್ಣ, ನಿಮ್ಮ ಅಪ್ಪ ಕಾರ್ಬುರೇಟರ್ ಕಾಲದವರು. ಆ ಕಾಲಕ್ಕೆ ಸ್ವಲ್ಪ ಉಳಿಯುತ್ತಿತ್ತೋ ಏನೋ, ಅಪಾಯ ಆಗಲೂ ಇಷ್ಟೇ ಇತ್ತು. ಈಗಿನ, ಕಂಪ್ಯೂಟರ್ ಅಳೆದು ಪೆಟ್ರೋಲ್ ಕೊಡುವ ಇಂಜೆಕ್ಷನ್ ಗಾಡಿಯಲ್ಲಿ ಲೆಕ್ಕ ಉಲ್ಟಾ. ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಪೂರ್ತಿ ಕಾಲು ತೆಗೆದರೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಚಕ್ರವೇ ಇಂಜಿನ್ನನ್ನು ತಿರುಗಿಸುತ್ತಿರುತ್ತದೆ, ಮತ್ತೆ ಪೆಟ್ರೋಲ್ ಯಾಕೆ ಬೇಕು? ಇಂಜಿನ್ ತೀರಾ ನಿಧಾನವಾದಾಗ ಮಾತ್ರ ಮತ್ತೆ ಶುರುವಾಗುತ್ತದೆ. ನ್ಯೂಟ್ರಲ್ ಹಾಕಿದಿರೋ, ಇಂಜಿನ್ ಬಂದ್ ಆಗಬಾರದು ಅಂತ ಕಂಪ್ಯೂಟರ್ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಅಂದರೆ ಉಳಿಸಲು ಹೋಗಿ ಖರ್ಚು ಮಾಡಿಕೊಳ್ಳುತ್ತಿದ್ದೀರಿ.

ಅದಕ್ಕಿಂತ ದೊಡ್ಡದು, ಇಂಜಿನ್ನಿನ ಹಿಡಿತ ಹೋಗುತ್ತದೆ. ಪೂರ್ತಿ ಭಾರ ಬ್ರೇಕಿನ ಮೇಲೆ. ಕತಗಾಲದಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಚಕ್ರದಿಂದ ಸುಟ್ಟ ವಾಸನೆ ಬಂದದ್ದು ನಿಮಗೂ ಗೊತ್ತಿರಬೇಕು. ಇನ್ನಷ್ಟು ಬಿಸಿಯಾದರೆ ಬ್ರೇಕ್ ತುಳಿದರೂ ಹಿಡಿಯುವುದಿಲ್ಲ.

ನಾನು ಕ್ಲೀನರ್ ಆಗಿದ್ದಾಗಿನ ಮಾತು. ಹುಬ್ಬಳ್ಳಿಯಲ್ಲಿ ಮೀನು ಇಳಿಸಿ ಖಾಲಿ ಕ್ರೇಟ್ ಹಾಕಿಕೊಂಡು ಅರಬೈಲ್ ಘಟ್ಟ ಇಳಿಯುತ್ತಿದ್ದೆವು. ಡ್ರೈವರ್ ಡೀಸೆಲ್ ಉಳಿಸಿ ಆ ದುಡ್ಡು ಜೇಬಿಗೆ ಹಾಕುವವನು, ನ್ಯೂಟ್ರಲ್ ಹಾಕಿದ. ಮೂರನೇ ತಿರುವಿಗೆ ಹೊಗೆ ಬಂತು. ಐದನೆಯದಕ್ಕೆ ಬ್ರೇಕ್ ಇಲ್ಲ. ಗೇರ್ ಹಾಕಲು ನೋಡಿದ, ಆ ಸ್ಪೀಡಿನಲ್ಲಿ ಗೇರ್ ಕಿರ್ ಅಂತ ಕೂಗಿತೇ ಹೊರತು ಬೀಳಲಿಲ್ಲ. ಕೊನೆಗೆ ಕಣಿವೆಯ ಕಡೆ ಬಿಟ್ಟು ಗುಡ್ಡದ ಧರೆಯ ಕಡೆ ಲಾರಿ ಒತ್ತಿದ. ಎಡಬದಿ ಪೂರ್ತಿ ಕೆರೆದುಕೊಂಡು ಹೋಗಿ ಗಟಾರದಲ್ಲಿ ನಿಂತಿತು. ಕ್ರೇಟುಗಳು ರಸ್ತೆ ತುಂಬ. ನಾನು ಕೂತದ್ದು ಆ ಎಡಬದಿಯಲ್ಲೇ. ಅವನು ಉಳಿಸಿದ್ದು ಅರ್ಧ ಲೀಟರ್ ಇರಬಹುದು.

ಘಟ್ಟ ಯಾವ ಗೇರಿನಲ್ಲಿ ಹತ್ತುತ್ತೀರೋ ಹೆಚ್ಚುಕಡಿಮೆ ಅದೇ ಗೇರಿನಲ್ಲಿ ಇಳಿಯಿರಿ. ಎರಡು ಅಥವಾ ಮೂರು. ಇಂಜಿನ್ ಸ್ವಲ್ಪ ಕೂಗುತ್ತದೆ, ಕೂಗಲಿ, ಅದಕ್ಕೇನೂ ಆಗುವುದಿಲ್ಲ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ, ಬೇಕಾದಾಗ ಗಟ್ಟಿಯಾಗಿ ಒಮ್ಮೆ ಒತ್ತಿ ಬಿಡಿ. ಇನ್ನು ಕೆಲವರು ಇಳಿಜಾರಿನಲ್ಲಿ ಚಾವಿಯನ್ನೇ ಬಂದ್ ಮಾಡುತ್ತಾರೆ. ಮಾರಾಯ್ರೆ, ದಯವಿಟ್ಟು ಬೇಡ. ಇಂಜಿನ್ ನಿಂತರೆ ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ, ನಾಲ್ಕು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಕಲ್ಲಿನ ಹಾಗೆ ಆಗುತ್ತದೆ. ಚಾವಿ ಹೊರಗೆ ತೆಗೆದರೆ ಸ್ಟೇರಿಂಗೇ ಲಾಕ್.

ತೋಟದವರು: ಅಪ್ಪನಿಗೆ ಇದನ್ನು ಹೇಳುವವರು ಯಾರು!

ಉತ್ತರ: ಈ ಉತ್ತರ ಓದಿ ಹೇಳಿ, ಬೈಗುಳ ನನಗೆ ಬರಲಿ.

ಪ್ರಶ್ನೆ (ಹೊನ್ನಾವರ, ಕಾಲೇಜು ಹುಡುಗ): ಅಣ್ಣಾ, ಬೈಕಿನಲ್ಲಿ ಬಸ್ಸಿನ ಹಿಂದೆ ಹತ್ತಿರ ಹೋದರೆ ಗಾಳಿ ತಾಗುವುದಿಲ್ಲ, ಎವರೇಜ್ ಚೆನ್ನಾಗಿ ಬರುತ್ತದೆ. ವಿಡಿಯೋದಲ್ಲಿ ನೋಡಿದೆ. ನಿಜವಾ?

ಉತ್ತರ: ತಮ್ಮಾ, ಗಾಳಿ ಕಡಿಮೆ ಆಗುವುದು ನಿಜ. ಅಷ್ಟು ಲಾಭ ಸಿಗಬೇಕಾದರೆ ಬಸ್ಸಿಗೆ ಅಂಟಿಕೊಂಡೇ ಹೋಗಬೇಕು. 80ರಲ್ಲಿ ಬೈಕ್ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಬಸ್ಸಿನ ಕೆಂಪು ಲೈಟ್ ನೋಡಿ ನಿನ್ನ ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡ್ ಹೋಗಿರುತ್ತದೆ. ಬಸ್ ಹೊಂಡ ತಪ್ಪಿಸಿದರೆ ಆ ಹೊಂಡ ನಿನಗೆ ಕಾಣುವುದು ಚಕ್ರ ಅದರೊಳಗೆ ಇಳಿದ ಮೇಲೆ. ಮೀನಿನ ಲಾರಿಯ ಹಿಂದೆ ಹೋದೆಯೋ, ಅದರಿಂದ ಸೋರುವ ನೀರು ಬೇರೆ. ಮೀನಿನ ನೀರು ಬಿದ್ದ ರಸ್ತೆಯಲ್ಲಿ ಬೈಕ್ ಹೇಗೆ ಜಾರುತ್ತದೆ ಅಂತ ಈ ಕರಾವಳಿಯಲ್ಲಿ ಹೇಳಿಕೊಡಬೇಕಾ? ಆ ನೀರು ಚೆಲ್ಲಿದವರಲ್ಲಿ ನಾನೂ ಒಬ್ಬ, ಅದಕ್ಕೇ ಹೇಳುತ್ತಿದ್ದೇನೆ.

ಮುಂದಿನ ಗಾಡಿ ಒಂದು ಕಂಬ ದಾಟಿದಾಗ ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು ಅಂತ ಎಣಿಸು. ಅಷ್ಟು ಹೇಳಿ ಮುಗಿಸುವ ಮೊದಲೇ ನೀನು ಕಂಬ ಮುಟ್ಟಿದರೆ ತೀರಾ ಹತ್ತಿರ ಇದ್ದೀಯಾ. ಮಳೆಯಲ್ಲಿ ಆರರವರೆಗೆ ಎಣಿಸು. ಈ ಜಾಗ ಇದ್ದರೆ ಬಸ್ ನಿಧಾನವಾದಾಗ ಬ್ರೇಕ್ ಬೇಕಾಗುವುದಿಲ್ಲ, ಆಕ್ಸಿಲರೇಟರ್ ಸಡಿಲ ಬಿಟ್ಟರೆ ಸಾಕು. ಪೆಟ್ರೋಲ್ ಅಲ್ಲೇ ಉಳಿಯಿತು.

ಪ್ರಶ್ನೆ (ಕುಮಟಾದ ಅಕ್ಕೋರು): ಎರಡು ಪ್ರಶ್ನೆ. ಹೈವೇಯಲ್ಲಿ ಏಸಿ ಹಾಕಬೇಕಾ, ಕಿಟಕಿ ತೆಗೆಯಬೇಕಾ? ಮತ್ತೆ ನಮ್ಮವರು ಟಯರಿಗೆ 33ರ ಬದಲು 40 ಹೊಡೆಸುತ್ತಾರೆ, ಎವರೇಜಿಗೆ ಒಳ್ಳೆಯದು ಅಂತ.

ಉತ್ತರ: ಅಕ್ಕೋರೇ, ಊರೊಳಗೆ ಕಿಟಕಿ, ಹೈವೇಯಲ್ಲಿ ಏಸಿ. ಜೋರಾಗಿ ಹೋಗುವಾಗ ತೆರೆದ ಕಿಟಕಿಯೂ ಗಾಳಿಯನ್ನು ಹಿಡಿದು ಗಾಡಿಯನ್ನು ಎಳೆಯುತ್ತದೆ. ಮಳೆಗಾಲದಲ್ಲಂತೂ ಎವರೇಜ್ ಮಾತೇ ಬೇಡ, ಗಾಜಿನ ಒಳಗೆ ಮಂಜು ಕಟ್ಟಿದರೆ ಏಸಿ ಹಾಕಲೇಬೇಕು. ಬಟ್ಟೆಯಲ್ಲಿ ಒರೆಸುತ್ತಾ ಓಡಿಸುವವರನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ತಲೆ ಮೇಲಿನ ಕ್ಯಾರಿಯರ್ ಖಾಲಿ ಇದ್ದರೆ ಬಿಚ್ಚಿಡಿ, ಅದೂ ಗಾಳಿ ಹಿಡಿಯುತ್ತದೆ.

ಇನ್ನು ಟಯರಿನಲ್ಲಿ ಗಾಳಿ ಕಡಿಮೆ ಇದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಟಯರ್ ಬಿಸಿಯಾಗಿ ಒಡೆಯಲೂಬಹುದು. ಅಷ್ಟು ಸರಿ. ಆದರೆ ಕಂಪನಿ 33 ಅಂದಲ್ಲಿ 40 ಹೊಡೆಸಿದರೆ ಟಯರ್ ನಡುವೆ ಉಬ್ಬಿ ರಸ್ತೆಗೆ ತಾಗುವ ಜಾಗವೇ ಕಡಿಮೆಯಾಗುತ್ತದೆ. ನಮ್ಮ ಮಳೆಯಲ್ಲಿ ಅದು ಆಟ ಅಲ್ಲ. ಡ್ರೈವರ್ ಬಾಗಿಲು ತೆರೆದರೆ ಅದರ ಚೌಕಟ್ಟಿನ ಮೇಲೆ ಚೀಟಿ ಇರುತ್ತದೆ, ಎಷ್ಟು ಜನ, ಎಷ್ಟು ಗಾಳಿ ಅಂತ ಬರೆದಿರುತ್ತದೆ. ಬೆಳಿಗ್ಗೆ ಟಯರ್ ತಣ್ಣಗಿದ್ದಾಗ ನೋಡಿಸಿ. ನಿಮ್ಮವರಿಗೆ ಆ ಚೀಟಿ ತೋರಿಸಿ, ನನ್ನ ಹೆಸರು ಹೇಳಬೇಡಿ.

ಪ್ರಶ್ನೆ (ಭಟ್ಕಳ): ಪೆಟ್ರೋಲಿಗೆ ಎಥನಾಲ್ ಹಾಕುವುದರಿಂದಲೇ ಎವರೇಜ್ ಬಿದ್ದದ್ದು ಅಂತಾರಲ್ಲ?

ಉತ್ತರ: ಸ್ವಲ್ಪ ಅದೂ ಇದೆ. ಲೀಟರ್ ಲೆಕ್ಕದಲ್ಲಿ ಎಥನಾಲ್‌ಗೆ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿ. 20 ಪರ್ಸೆಂಟ್ ಬೆರೆಸಿದರೆ ಶುದ್ಧ ಪೆಟ್ರೋಲಿಗಿಂತ ಹತ್ತಿರ 6-7 ಪರ್ಸೆಂಟ್ ಕಡಿಮೆ ಶಕ್ತಿ. ಆದರೆ 18 ಇದ್ದದ್ದು 15ಕ್ಕೆ ಬಂದರೆ ಪೂರ್ತಿ ತಪ್ಪು ಎಥನಾಲ್ ತಲೆಗೆ ಕಟ್ಟಲು ಆಗುವುದಿಲ್ಲ.

ಪ್ರಶ್ನೆ (ಕಾರವಾರ ಪೇಟೆ): ಇದೆಲ್ಲ ಯಾಕೆ, ಗೋವಾದಲ್ಲಿ ಪೆಟ್ರೋಲ್ ಅಗ್ಗ. ನಾವು ಪೊಳೆಂಗೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುತ್ತೇವೆ.

ಉತ್ತರ: ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ಕಾಳಿ ಸೇತುವೆ ದಾಟಿ, ಮಾಜಾಳಿ ದಾಟಿ ಹೋಗಿ ಬರಲು ಹತ್ತಿರ 30 ಕಿ.ಮೀ. ಲೀಟರಿಗೆ 15 ಕೊಡುವ ಗಾಡಿಯಾದರೆ 2 ಲೀಟರ್ ಅಲ್ಲೇ ಹೋಯಿತು, 200 ರೂಪಾಯಿ ಅನ್ನಿ. ಲೀಟರಿಗೆ 6 ರೂಪಾಯಿ ಕಡಿಮೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ, 30 ಲೀಟರ್ ತುಂಬಿಸಿದರೆ ಉಳಿದದ್ದು 180. ಮೇಲಿಂದ ಗಡಿ ಚೆಕ್‌ಪೋಸ್ಟಿನಲ್ಲಿ ಸಾಲು. ಕಾಣಕೋಣದಲ್ಲಿ ನೆಂಟರ ಮನೆ ಇದ್ದು ಹೇಗೂ ಹೋಗುವವರಾದರೆ ತುಂಬಿಸಿಕೊಂಡು ಬನ್ನಿ. ಪೆಟ್ರೋಲಿಗೆ ಅಂತಲೇ ಹೋಗುವವರು ಅಲ್ಲಿಂದ ಇನ್ನೇನು ತರುತ್ತಾರೆ ಅಂತ ನಾನು ಕೇಳುವುದಿಲ್ಲ.

ಅಂಕೋಲಾದ ಮಾಸ್ತರು (ಮರುದಿನ): ಎಣಿಸಿದೆ. ಹೋಗುವಾಗ 29, ಬರುವಾಗ 17. ಆ 17ರಲ್ಲಿ ಬಿಣಗಾದ ಸುರಂಗದ ಹತ್ತಿರವೇ 6.

ಉತ್ತರ: ಸುರಂಗದ ಹತ್ತಿರ ಕಡಿಮೆ ಮಾಡಲು ಹೋಗಬೇಡಿ ಮಾಸ್ತರೇ, ಅದು ಬೇಕಾದ ಬ್ರೇಕು. ಹೊರಗಿನ ಬಿಸಿಲಿನಿಂದ ಒಳಗೆ ಹೋದರೆ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ಉಳಿದ 11 ಎಲ್ಲೆಲ್ಲಿ ಅಂತ ಬರೆಯಿರಿ, ನೋಡೋಣ.