ಹೊಸ ಡೆಸ್ಕ್‌ಟಾಪ್ ಆಗಾಗ ಹ್ಯಾಂಗ್ ಆಗುತ್ತಿದೆ, ಅನುಭವ ಇರುವವರು ಹೇಳಿ

ಬೆಂಗಳೂರಿನಿಂದ, ಪ್ರಶ್ನೆ:
ಮೂರು ವಾರದ ಹಿಂದೆ ಎಸ್.ಪಿ. ರಸ್ತೆಯಿಂದ ಪಾರ್ಟ್ಸ್ ತಂದು ಮನೆಯಲ್ಲೇ ಅಸೆಂಬಲ್ ಮಾಡಿದೆ. ಎಎಂಡಿಯ ರೈಜೆನ್ 7000 ಸರಣಿಯ ಪ್ರೊಸೆಸರ್, 16 ಜಿಬಿಯ ಎರಡು ಡಿಡಿಆರ್5 ರ್‍ಯಾಮ್, ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) ಎಕ್ಸ್‌ಪೋ, ಅಂದರೆ ರ್‍ಯಾಮ್ ವೇಗ ಏರಿಸುವ ಸೆಟ್ಟಿಂಗ್ ಆನ್ ಮಾಡಿ, ವೇಗ 6000ಕ್ಕೆ ಇಟ್ಟಿದ್ದೇನೆ. ದಿನಕ್ಕೆ ಒಂದೆರಡು ಸಲ ಸ್ಕ್ರೀನ್ ಹಾಗೇ ನಿಂತುಬಿಡುತ್ತದೆ. ಮೌಸ್ ಕದಲುವುದಿಲ್ಲ. ನೀಲಿ ಸ್ಕ್ರೀನೂ ಬರುವುದಿಲ್ಲ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದ್ದಾಯಿತು. ಎಲ್ಲಿಂದ ಶುರು ಮಾಡಲಿ?

ಮೈಸೂರಿನಿಂದ:
ನಾನೂ ಎರಡು ತಿಂಗಳು ಒದ್ದಾಡಿದ್ದೇನೆ, ನಿಮ್ಮ ಸಂಕಟ ಗೊತ್ತು. ವಿಂಡೋಸ್ ಬಿಡಿ, ಮೊದಲು ಎಕ್ಸ್‌ಪೋ ಆಫ್ ಮಾಡಿ. ರ್‍ಯಾಮ್ ಡಬ್ಬದ ಮೇಲೆ 6000 ಅಂತ ಬರೆದಿದ್ದರೂ ಅದು ಓವರ್‌ಕ್ಲಾಕ್, ಅಂದರೆ ನಿಗದಿಗಿಂತ ಹೆಚ್ಚು ವೇಗದ ಲೆಕ್ಕವೇ. ನಿಮ್ಮ ಸರಣಿಗೆ ಎಎಂಡಿ ಹೇಳುವ ವೇಗ 5200, ಅದೂ ಎರಡು ರ್‍ಯಾಮ್ ಸ್ಟಿಕ್ ಇದ್ದಾಗ. ನಾಲ್ಕು ಹಾಕಿದರೆ 3600ಕ್ಕೆ ಇಳಿಯುತ್ತದೆ.

ಆಮೇಲೆ ಕ್ಯಾಬಿನೆಟ್ ತೆರೆದು ಸ್ಲಾಟ್ ನೋಡಿ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡೇ ಸ್ಟಿಕ್ ಇದ್ದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ನಾನು ಪಕ್ಕಪಕ್ಕದಲ್ಲಿ ಹಾಕಿದ್ದೆ. ಒಂದು ಸ್ಟಿಕ್ಕಿನ ತುದಿ ಪೂರ್ತಿ ಕೂತೂ ಇರಲಿಲ್ಲ. ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ, ತೆಗೆದು ಮತ್ತೆ ಒತ್ತಿ ಕೂರಿಸಿ.

ರಾತ್ರಿ ಮಲಗುವಾಗ ಪೆನ್‌ಡ್ರೈವ್‌ನಿಂದ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ಎರರ್ ಬಂದರೂ ಬಿಡಬೇಡಿ, ಒಂದೊಂದೇ ಸ್ಟಿಕ್ ಹಾಕಿ ಮತ್ತೆ ನೋಡಿ. ರ್‍ಯಾಮ್ ಬದಲಿಸಿದ ಮೇಲೆ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರಬಹುದು. ಡಿಡಿಆರ್5ನಲ್ಲಿ ಬೋರ್ಡ್ ರ್‍ಯಾಮನ್ನು ಹೊಂದಿಸಿಕೊಳ್ಳುವ ಹೊತ್ತು ಅದು. ಗಾಬರಿಯಾಗಿ ಪವರ್ ತೆಗೆಯಬೇಡಿ.

ಹುಬ್ಬಳ್ಳಿಯಿಂದ:
ಮತ್ತೆ ನಿಂತಾಗ ಕೀಬೋರ್ಡಿನ ನಮ್ ಲಾಕ್ ಒತ್ತಿ ನೋಡ್ರಿ. ದೀಪ ಆನ್ ಆಫ್ ಆಗುತ್ತಿದ್ದರೆ ಒಳಗೆ ವಿಂಡೋಸ್ ಇನ್ನೂ ಓಡುತ್ತಿದೆ, ಚಿತ್ರ ಮಾತ್ರ ನಿಂತಿದೆ ಅಂತ ತಿಳಿಯಬಹುದು. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ನನ್ನ ತೊಂದರೆ ಹಾಗೇ ಪತ್ತೆಯಾಗಿತ್ತು. ಗ್ರಾಫಿಕ್ಸ್ ಕಾರ್ಡನ್ನು ಬೋರ್ಡಿಗೆ ಜೋಡಿಸಲು ಹಾಕಿದ್ದ ರೈಸರ್ ಕೇಬಲ್‌ಗೆ ಪಿಸಿಐಇ ಸ್ಲಾಟಿನ ಜೆನ್ 4 ವೇಗ ತಡೆಯಲು ಆಗುತ್ತಿರಲಿಲ್ಲ. ಬಯೋಸ್‌ನಲ್ಲಿ ಅದನ್ನು ಜೆನ್ 3ಕ್ಕೆ ಇಳಿಸಿದೆ, ಅಲ್ಲಿಗೆ ಹ್ಯಾಂಗ್ ಆಗುವುದು ತಪ್ಪಿತು.

ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಕಂಡು ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸಲು ಓಡಬೇಡ್ರಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ನೀವೇ ಬಟನ್ ಒತ್ತಿ ಹಿಡಿದಿದ್ದರೂ ಅದೇ ಬರುತ್ತದೆ. ಅಲ್ಲೇ ಡಬ್ಲ್ಯೂಎಚ್‌ಇಎ ಲಾಗರ್ (ಹಾರ್ಡ್‌ವೇರ್ ಎರರ್ ದಾಖಲೆ) ಅಂತ ಇದ್ದರೆ ಹಾರ್ಡ್‌ವೇರ್ ಕಡೆ ನೋಡ್ರಿ.

ಮಂಗಳೂರಿನಿಂದ:
ಬಯೋಸ್ ಹಳೆಯದಾಗಿದ್ದರೆ ಹೊಸದು ಹಾಕಿ, ಆದರೆ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ಎಕ್ಸ್‌ಪೋ ಸ್ಥಿರವಾಗಿ ಓಡುತ್ತಿಲ್ಲ ಅಂತ ಕೈಯಾರೆ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್ ಒಳಗೆ ರ್‍ಯಾಮ್ ನೋಡಿಕೊಳ್ಳುವ ಭಾಗದ ವೋಲ್ಟೇಜ್) ಏರಿಸುವುದೂ ಬೇಡ. 2023ರಲ್ಲಿ ಕೆಲವು ಪ್ರೊಸೆಸರ್ ಸುಟ್ಟ ಮೇಲೆ ಎಎಂಡಿ ಅದನ್ನು 1.3 ವೋಲ್ಟ್‌ಗೆ ಕಟ್ಟಿಹಾಕಿದ್ದು ಸುಮ್ನೆ ಅಲ್ಲ. ಇನ್ನೊಂದು ಮಾತು, ಒಂದು ಸಲಕ್ಕೆ ಒಂದೇ ಬದಲಾವಣೆ. ತಾರೀಖು ಹಾಕಿ ಬರೆದಿಡಿ. ನಾನು ಒಂದೇ ದಿನ ನಾಲ್ಕು ಬದಲಿಸಿ, ಯಾವುದರಿಂದ ಸರಿಯಾಯಿತು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಬೆಂಗಳೂರಿನಿಂದ, ಹತ್ತು ದಿನದ ನಂತರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಲಾಟ್ ಸರಿಯಾಗೇ ಇತ್ತು. ನಮ್ ಲಾಕ್ ದೀಪ ಕದಲಲಿಲ್ಲ. 6000ದಲ್ಲಿ ಮೆಮ್‌ಟೆಸ್ಟ್ ಓಡಿಸಿದರೆ ಮೂರನೇ ಸುತ್ತಿನಲ್ಲಿ ಎರರ್ ಬಂತು, ಎಕ್ಸ್‌ಪೋ ಆಫ್ ಮಾಡಿದರೆ ಒಂದೂ ಇಲ್ಲ. ಆರು ದಿನದಿಂದ ಹಾಗೇ ಓಡಿಸುತ್ತಿದ್ದೇನೆ, ಒಮ್ಮೆಯೂ ನಿಂತಿಲ್ಲ. ಭಾನುವಾರ ಸ್ನೇಹಿತನ ಮನೆಯಿಂದ ಯುಪಿಎಸ್ ತಂದು ಬಯೋಸ್ ಅಪ್‌ಡೇಟ್ ಮಾಡುತ್ತೇನೆ. ಆಮೇಲೆ 6000ಕ್ಕೆ ಇನ್ನೊಂದು ಸಲ ಪ್ರಯತ್ನಿಸಿ ಇಲ್ಲೇ ಬರೆಯುತ್ತೇನೆ.