ಸರ್ವರ್‌ನಲ್ಲಿ ವಿಮ್ ತೆರೆದರೆ ಬಣ್ಣ ಕೆಡುತ್ತದೆ, ಯಾಕೆ?

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ವಿಮ್ (ಟರ್ಮಿನಲ್‌ನಲ್ಲಿ ನಡೆಯುವ ಟೆಕ್ಸ್ಟ್ ಎಡಿಟರ್) ಬಣ್ಣ ಸರಿಯಾಗಿದೆ. ಅದೇ ವಿಮ್‌ಆರ್‌ಸಿ (ವಿಮ್‌ನ ಸೆಟ್ಟಿಂಗ್ ಫೈಲ್) ಸರ್ವರ್‌ನಲ್ಲೂ ಇದೆ. ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಸರ್ವರ್‌ಗೆ ಲಾಗಿನ್ ಆಗಿ) ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ವಿಂಡೋ ನಡೆಸುವ ಪ್ರೋಗ್ರಾಂ) ಒಳಗೆ ಫೈಲ್ ತೆರೆದರೆ ಕಾಮೆಂಟುಗಳು ಕಪ್ಪು ಪರದೆಯ ಮೇಲೆ ಕಡುನೀಲಿ, ಓದೋಕಾಗಲ್ಲ. ಸ್ಕ್ರಾಲ್ ಮಾಡಿದರೆ ಹಿನ್ನೆಲೆ ತೇಪೆ ಹಚ್ಚಿದಂತೆ ಕಾಣುತ್ತದೆ. ಟಿಮಕ್ಸ್ ಹಳೆಯ ಆವೃತ್ತಿ. ಸರ್ವರ್‌ನ ಬ್ಯಾಶ್‌ಆರ್‌ಸಿಯಲ್ಲಿ (ಶೆಲ್‌ನ ಸೆಟ್ಟಿಂಗ್ ಫೈಲ್) ಟರ್ಮ್=ಎಕ್ಸ್‌ಟರ್ಮ್-256ಕಲರ್ ಅಂತ ಹಾಕಿದ್ದೇನೆ.

ಉತ್ತರ: ಮೊದಲು ಆ ಬ್ಯಾಶ್‌ಆರ್‌ಸಿ ಸಾಲು ತೆಗೆಯಿರಿ ಸರ್. ಎರಡೂ ತೊಂದರೆಗೆ ಅದರ ಮೇಲೇ ಅನುಮಾನ.

ಟರ್ಮ್ ಅಂದರೆ ಟರ್ಮಿನಲ್ ಯಾವ ಬಗೆಯದು ಎಂದು ಪ್ರೋಗ್ರಾಂಗಳಿಗೆ ಹೇಳುವ ವೇರಿಯಬಲ್. ಅದರ ಮೌಲ್ಯವನ್ನು ಎಸ್‌ಎಸ್‌ಎಚ್ ತಾನೇ ಸರ್ವರ್‌ಗೆ ಒಯ್ಯುತ್ತದೆ. ಟಿಮಕ್ಸ್ ಒಳಗೆ ಹೊಕ್ಕ ಮೇಲೆ ಟಿಮಕ್ಸ್ ತನ್ನದನ್ನು ಹಾಕುತ್ತದೆ. ನಿಮ್ಮ ಸಾಲು ಅದನ್ನು ಅಳಿಸಿಬಿಡುವುದರಿಂದ, ನೇರ ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಜೊತೆ ಮಾತಾಡುತ್ತಿದ್ದೇನೆ ಅಂತ ವಿಮ್ ತಿಳಿಯುತ್ತದೆ. ಪರದೆಯ ಮೇಲಿನ ಸಾಲೊಂದನ್ನು ಅಳಿಸಿದರೆ ಖಾಲಿ ಜಾಗಕ್ಕೆ ಹಿನ್ನೆಲೆ ಬಣ್ಣ ತಾನಾಗಿ ತುಂಬುತ್ತದೆ ಎಂದು ಎಕ್ಸ್‌ಟರ್ಮ್ ವಿವರಣೆಯಲ್ಲಿದೆ. ಹಳೆಯ ಟಿಮಕ್ಸ್ ಹಾಗೆ ತುಂಬುವುದಿಲ್ಲ. ತೇಪೆ ಅದರಿಂದಲೇ. ಇನ್ನು ಕಡುನೀಲಿ: ಹಿನ್ನೆಲೆ ಯಾವ ಬಣ್ಣ ಎಂದು ವಿಮ್ ಟರ್ಮಿನಲ್ಲನ್ನು ಕೇಳುತ್ತದೆ. ಉತ್ತರ ಬರದಿದ್ದರೆ, ಹೆಸರು ಎಕ್ಸ್‌ಟರ್ಮ್ ಆಗಿದ್ದಾಗ ಬಿಳಿ ಹಿನ್ನೆಲೆ ಎಂದೇ ಊಹಿಸುತ್ತದೆ. ವಿಮ್‌ಆರ್‌ಸಿಯಲ್ಲಿ ಕಲರ್‌ಸ್ಕೀಮ್ ಸಾಲಿಗಿಂತ ಮೇಲೆ ಸೆಟ್ ಬ್ಯಾಕ್‌ಗ್ರೌಂಡ್=ಡಾರ್ಕ್ ಸೇರಿಸಿ.

ಟಿಮಕ್ಸ್.ಕಾನ್ಫ್‌ನಲ್ಲಿ (ಟಿಮಕ್ಸ್‌ನ ಸೆಟ್ಟಿಂಗ್ ಫೈಲ್) ಡೀಫಾಲ್ಟ್-ಟರ್ಮಿನಲ್‌ಗೆ ಸ್ಕ್ರೀನ್-256ಕಲರ್ ಕೊಡಿ. ಟಿಮಕ್ಸ್-256ಕಲರ್ ಇನ್ನೂ ಒಳ್ಳೆಯದು, ಆದರೆ ಹಳೆಯ ಸರ್ವರ್‌ಗಳ ಟರ್ಮ್‌ಇನ್ಫೋದಲ್ಲಿ (ಟರ್ಮಿನಲ್ ವಿವರಣೆಗಳ ಸಂಗ್ರಹ) ಅದು ಇರುವುದಿಲ್ಲ. ಈ ಬದಲಾವಣೆ ಹೊಸದಾಗಿ ತೆರೆದ ವಿಂಡೋಗಳಿಗೆ ಮಾತ್ರ ತಾಗುತ್ತದೆ.

ಆಮೇಲೆ ಎಷ್ಟು ಬಣ್ಣ ಎಂದು ತೋರಿಸುವ ಟಿಪುಟ್ ಕಲರ್ಸ್ ಕಮಾಂಡನ್ನು ಎರಡು ಕಡೆ ಓಡಿಸಿ: ಎಸ್‌ಎಸ್‌ಎಚ್ ಆದ ತಕ್ಷಣ, ಮತ್ತೆ ಟಿಮಕ್ಸ್ ಒಳಗೆ. 256 ಇದ್ದದ್ದು ಎಲ್ಲಿ 8ಕ್ಕೆ ಇಳಿಯುತ್ತದೋ ತಪ್ಪು ಅಲ್ಲೇ. "ಟರ್ಮಿನಲ್ ಗೊತ್ತಿಲ್ಲ" ಎಂಬ ಎರರ್ ಬಂದರೆ ವಿವರಣೆ ಫೈಲೇ ಸರ್ವರ್‌ನಲ್ಲಿಲ್ಲ. ಲ್ಯಾಪ್‌ಟಾಪಿನಲ್ಲಿ ಆ ವಿವರಣೆಯನ್ನು ಬರೆದು ತೋರಿಸುವ ಇನ್ಫೋಸಿಎಂಪಿ -ಎಕ್ಸ್ ಓಡಿಸಿ, ಅದರ ಔಟ್‌ಪುಟ್ಟನ್ನು ಎಸ್‌ಎಸ್‌ಎಚ್ ಮೂಲಕ ಸರ್ವರ್‌ನಲ್ಲಿ ಅದನ್ನು ಅಳವಡಿಸುವ ಟಿಕ್ -ಎಕ್ಸ್ - ಗೆ ಪೈಪ್ ಮಾಡಿ. ನಿಮ್ಮ ಹೋಮ್ ಡೈರೆಕ್ಟರಿಯಲ್ಲೇ ಕೂರುತ್ತದೆ, ರೂಟ್ (ಅಡ್ಮಿನ್) ಅನುಮತಿ ಬೇಡ.

ಪ್ರಶ್ನೆ: ಎರಡೂ ಕಡೆ 256 ಬಂತು, ತೇಪೆಯೂ ಹೋಯಿತು. ಥೀಮ್‌ಗೋಸ್ಕರ ವಿಮ್‌ನ ಟರ್ಮ್‌ಗುಯ್‌ಕಲರ್ಸ್ ಆನ್ ಮಾಡಿದರೆ ಟಿಮಕ್ಸ್ ಒಳಗೆ ಎಲ್ಲ ಕಪ್ಪು-ಬಿಳುಪು!

ಉತ್ತರ: ಅದು 24 ಬಿಟ್ ಬಣ್ಣ, 256ರ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹೆಸರು ಎಕ್ಸ್‌ಟರ್ಮ್ ಅಲ್ಲದಿದ್ದರೆ ಹಳೆಯ ವಿಮ್ ಅಕ್ಷರದ ಮತ್ತು ಹಿನ್ನೆಲೆಯ ಬಣ್ಣದ ಕೋಡ್ ಇಡುವ ಟಿ_8ಎಫ್, ಟಿ_8ಬಿ ಎರಡನ್ನೂ ಖಾಲಿ ಬಿಡುತ್ತದೆ, ಕಳಿಸಲು ಕೋಡೇ ಇರುವುದಿಲ್ಲ. ವಿಮ್‌ನಲ್ಲಿ ಹೆಲ್ಪ್ ಎಕ್ಸ್‌ಟರ್ಮ್-ಟ್ರೂ-ಕಲರ್ ತೆರೆದರೆ ಬೇಕಾದ ಎರಡು ಲೆಟ್ ಸಾಲು ಸಿಗುತ್ತವೆ (ಒಂದರಲ್ಲಿ 38;2, ಇನ್ನೊಂದರಲ್ಲಿ 48;2). ವಿಮ್‌ಆರ್‌ಸಿಗೆ ಹಾಕಿ.

ಇಷ್ಟಕ್ಕೇ ಮುಗಿಯಲ್ಲ, ಟಿಮಕ್ಸ್ ಕೂಡ ಆ ಬಣ್ಣವನ್ನು ಹೊರಗೆ ಬಿಡಬೇಕು. 3.2 ಮತ್ತು ನಂತರದ್ದಾದರೆ ಟರ್ಮಿನಲ್-ಫೀಚರ್ಸ್‌ಗೆ ,ಎಕ್ಸ್‌ಟರ್ಮ್-256ಕಲರ್:ಆರ್‌ಜಿಬಿ. ನಿಮ್ಮದರಂತೆ ಹಳೆಯದಾದರೆ ಟರ್ಮಿನಲ್-ಓವರ್‌ರೈಡ್ಸ್‌ಗೆ ,ಎಕ್ಸ್‌ಟರ್ಮ್-256ಕಲರ್:ಟಿಸಿ. ಇಲ್ಲಿ ಬರೆಯಬೇಕಾದ್ದು ಟಿಮಕ್ಸ್‌ಗೆ ಹೊರಗಿನ ಟರ್ಮಿನಲ್ ಹೆಸರು, ಬಹಳ ಜನ ಒಳಗಿನದ್ದು ಬರೆದು ತಲೆ ಕೆಡಿಸಿಕೊಳ್ಳುತ್ತಾರೆ. ಕಾನ್ಫಿಗ್ ಮತ್ತೆ ಲೋಡ್ ಮಾಡಿ, ಡಿಟ್ಯಾಚ್ ಆಗಿ ಮತ್ತೆ ಅಟ್ಯಾಚ್ ಆಗಿ.

ಇನ್ನೊಬ್ಬರ ಉತ್ತರ: ಪುಟ್ಟಿ (ವಿಂಡೋಸ್‌ನಲ್ಲಿ ಎಸ್‌ಎಸ್‌ಎಚ್ ಮಾಡುವ ಪ್ರೋಗ್ರಾಂ) ಬಳಸುವವರಿಗೆ: ಅದು ತನ್ನನ್ನು ಬರೀ ಎಕ್ಸ್‌ಟರ್ಮ್ ಎಂದು ಹೇಳಿಕೊಳ್ಳುತ್ತದೆ, ಹಾಗಾಗಿ 8 ಬಣ್ಣಕ್ಕೇ ನಿಲ್ಲಬಹುದು. ಕನೆಕ್ಷನ್ ವಿಭಾಗದ ಡೇಟಾದಲ್ಲಿ ಟರ್ಮಿನಲ್-ಟೈಪ್ ಸ್ಟ್ರಿಂಗನ್ನು ಎಕ್ಸ್‌ಟರ್ಮ್-256ಕಲರ್ ಮಾಡಿ ಸೆಷನ್ ಸೇವ್ ಮಾಡಿ.

ಪ್ರಶ್ನೆ: ಸುಡೊ ಹಾಕಿ (ರೂಟ್ ಆಗಿ) ವಿಮ್ ತೆರೆದಾಗ ಮಾತ್ರ ಥೀಮ್ ಇರಲ್ಲ.

ಉತ್ತರ: ಆಗ ಓದುವುದು ರೂಟ್‌ನ ವಿಮ್‌ಆರ್‌ಸಿ. ಎಡಿಟರ್ ವೇರಿಯಬಲ್‌ಗೆ ವಿಮ್ ಕೊಟ್ಟು ಸುಡೊ -ಇ ಫೈಲ್‌ಹೆಸರು ಎಂದು ತೆರೆಯಿರಿ, ನಿಮ್ಮದೇ ಸೆಟ್ಟಿಂಗ್ ಬರುತ್ತದೆ. ಮಾಮೂಲಾಗಿಯೂ ಬಣ್ಣವೇ ಬರದ ಸರ್ವರ್ ಇದ್ದರೆ ವಿಮ್ --ವರ್ಷನ್ ನೋಡಿ. ಸಿಂಟ್ಯಾಕ್ಸ್ ಪದಕ್ಕೆ ಮೊದಲು ಮೈನಸ್ ಗುರುತಿದ್ದರೆ ಅದು ಸೌಲಭ್ಯ ಕಡಿಮೆಯಿರುವ ವಿಮ್-ಟೈನಿ, ಪೂರ್ತಿ ವಿಮ್ ಪ್ಯಾಕೇಜ್ ಹಾಕಿಸದೆ ಬಣ್ಣ ಬರುವುದಿಲ್ಲ.