ದೇವರಾಯನದುರ್ಗದ ದೇವರಾಯ ಯಾರು?

ಪ್ರಶ್ನೆ (ಶಿಕ್ಷಕಿ, ತುಮಕೂರು):
ಮಾನ್ಯರೇ, ನಮ್ಮ ಶಾಲೆಯ ಮಕ್ಕಳನ್ನು ದೇವರಾಯನದುರ್ಗಕ್ಕೆ ಕರೆದೊಯ್ಯಬೇಕೆಂದಿದ್ದೇವೆ. ಬೆಟ್ಟಕ್ಕೆ ಹೆಸರು ಕೊಟ್ಟ ದೇವರಾಯ ಯಾರೆಂಬ ಮಾತು ಬಂದಾಗ ಸಹೋದ್ಯೋಗಿಗಳಲ್ಲಿ ಕೆಲವರು ಕೃಷ್ಣದೇವರಾಯನೆಂದರು, ಇನ್ನು ಕೆಲವರು ಪ್ರೌಢದೇವರಾಯನೆಂದರು. ಇದೇ ಹೆಸರಿನ ಅರಸರು ಇಷ್ಟು ಮಂದಿ ಇರುವಾಗ ಒಬ್ಬರಿಂದ ಇನ್ನೊಬ್ಬರನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ?

ಉತ್ತರ 1 (ಮಧುಗಿರಿ):
ಅವರಿಬ್ಬರೂ ಅಲ್ಲ, ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704). ಆ ಬೆಟ್ಟಕ್ಕೆ ಮೊದಲು ಆನೆಬಿದ್ದಸರಿ ಎಂಬ ಹೆಸರಿತ್ತು; ಬಳಿಕ ಜಡಕನೆಂಬ ಪಾಳೆಯಗಾರನಿಂದಾಗಿ ಜಡಕನದುರ್ಗವಾಯಿತು; ಚಿಕ್ಕದೇವರಾಜರು ಅದನ್ನು ಗೆದ್ದುಕೊಂಡ ಮೇಲೆ ಈಗಿನ ಹೆಸರು ನಿಂತಿತು. ಮೈಸೂರು ಉತ್ತರದ ಕಡೆಗೆ ಕೈಚಾಚುತ್ತಿದ್ದ ಕಾಲವದು. 1687ರಲ್ಲಿ ಶಿರಾದಲ್ಲಿ ಮೊಗಲರ ಸುಬಾ ಆಡಳಿತ ನೆಲೆಗೊಂಡಿತು, ಅದೇ ಸುಮಾರಿಗೆ ಒಡೆಯರು ಮೊಗಲರ ಸೇನಾನಿ ಕಾಸಿಂ ಖಾನನಿಗೆ ಮೂರು ಲಕ್ಷ ರೂಪಾಯಿ ತೆತ್ತು ಬೆಂಗಳೂರನ್ನು ಪಡೆದರು. ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ವಿಂಗಡಿಸಿದವರೂ, ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ರಚಿಸಿದಾಗ ಸಿಂಹಾಸನದಲ್ಲಿದ್ದವರೂ ಇವರೇ. ಇಷ್ಟಿದ್ದೂ ‘ದೇವರಾಯ’ ಎಂದೊಡನೆ ನಮ್ಮವರ ಮನಸ್ಸು ಹಂಪಿಗೇ ಓಡುತ್ತದೆ. ಹೆಸರಾಂತ ಅರಸನ ಲೆಕ್ಕಕ್ಕೆ ಉಳಿದವರ ಕೆಲಸವನ್ನೂ ಸೇರಿಸುವ ಈ ಅಭ್ಯಾಸ ನನಗೆ ಒಪ್ಪಿಗೆಯಾಗುವುದಿಲ್ಲ.

ಉತ್ತರ 2 (ಮುಳಬಾಗಿಲು):
ಮೇಲಿನವರು ಹೇಳಿರುವುದು ಸರಿ. ಆದರೆ ಕೋಲಾರದ ಕಡೆಗೆ ಬಂದರೆ ಪ್ರೌಢದೇವರಾಯನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ವಿಜಯನಗರದ ಸಂಗಮ ವಂಶದಲ್ಲಿ ಇಬ್ಬರು ದೇವರಾಯರಿದ್ದಾರೆ. ಮೊದಲನೆಯವನು 1406ರಲ್ಲಿ ಪಟ್ಟಕ್ಕೆ ಬಂದು 1422ರವರೆಗೆ ಆಳಿದವನು, ತುಂಗಭದ್ರೆಗೆ ಅಣೆಕಟ್ಟೆ ಕಟ್ಟಿಸಿ ರಾಜಧಾನಿಗೆ ಕಾಲುವೆ ತಂದವನೆಂದು ಹೆಸರಾದವನು. ಎರಡನೆಯವನೇ ‘ಗಜಬೇಂಟೆಕಾರ’ ಬಿರುದಿನ ಪ್ರೌಢದೇವರಾಯ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಂಡದ್ದು ಇವನ ಆಸ್ಥಾನವನ್ನು. ಇವನ ದಂಡನಾಯಕ ಲಕ್ಕಣ್ಣ ದಂಡೇಶನಿಗೂ ನಮ್ಮ ಮುಳಬಾಗಿಲಿಗೂ ನಂಟಿದೆ. ಆಗ ಇದು ಸಾಮ್ರಾಜ್ಯದ ಒಂದು ಪ್ರಾಂತ್ಯದ ಕೇಂದ್ರವಾಗಿತ್ತು. 1446ರಲ್ಲಿ ಇವನು ತೀರಿಕೊಂಡದ್ದನ್ನು ಶ್ರವಣಬೆಳಗೊಳದ ಶಾಸನವೇ ದಾಖಲಿಸಿದೆ. ಕೃಷ್ಣದೇವರಾಯನಾದರೋ (1509–1529) ತುಳುವ ವಂಶದವನು, ಇವರ ಮನೆತನಕ್ಕೆ ಸೇರಿದವನೇ ಅಲ್ಲ.

ಉತ್ತರ 3 (ಚಿಕ್ಕಬಳ್ಳಾಪುರ):
ಮೈಸೂರಿನಲ್ಲಿಯೂ ಇಬ್ಬರಿದ್ದಾರೆಂಬುದನ್ನು ಸೇರಿಸುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನೂ ದೊಡ್ಡ ನಂದಿಯನ್ನೂ ಮಾಡಿಸಿದವರು ಚಿಕ್ಕದೇವರಾಜರಿಗಿಂತ ಮುಂಚೆ, 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು. ಗುರುತಿಸುವ ಬಗೆಯನ್ನು ಕೇಳಿದ್ದೀರಿ: ಶಾಸನದಲ್ಲಿ ಹೆಸರಿಗಿಂತ ಮೊದಲು ಶಕವರ್ಷವನ್ನು ನೋಡಿ, ಅದಕ್ಕೆ 78 ಕೂಡಿಸಿ. ಶಕ 1330 ಎಂದಿದ್ದರೆ 1408, ಅಂದರೆ ಮೊದಲನೆಯ ದೇವರಾಯ. 1350 ಎಂದಿದ್ದರೆ 1428, ಪ್ರೌಢದೇವರಾಯ. 1590 ಎಂದಿದ್ದರೆ ದೊಡ್ಡದೇವರಾಜರು, 1600 ಎಂದಿದ್ದರೆ ಚಿಕ್ಕದೇವರಾಜರು. ವರ್ಷದ ಸಾಲು ಸವೆದು ಹೋಗಿದ್ದರೆ ಬಿರುದನ್ನೂ ಅಧಿಕಾರಿಯ ಹೆಸರನ್ನೂ ಹುಡುಕಬೇಕು. ‘ಅಪ್ರತಿಮವೀರ’ ಎಂಬುದು ಚಿಕ್ಕದೇವರಾಜರ ಬಿರುದು.